ಮರಿ ಕಾಯುವ ಮೀನಿಗೆ ಗಾಳ ಬೇಡ

ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಬಸ್ಸು ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಕೆಳಗೆ ನೋಡಿದರೆ, ಭೀಮೆಯ ದಡದಲ್ಲಿ ಕೋಲು ಹಿಡಿದು ಕುಳಿತವರು ಒಮ್ಮೊಮ್ಮೆ ಕಣ್ಣಿಗೆ ಬೀಳುತ್ತಾರೆ. ನೋಡುವವರಿಗೆ ಅದು ಹೊತ್ತು ಕಳೆಯುವ ಕೆಲಸ. ಆದರೆ ಅವರ ಪಕ್ಕದಲ್ಲಿ ಕುಳಿತು ಮಾತಿಗೆಳೆದರೆ, ಹೊಳೆಯ ವಿಜ್ಞಾನದ ಒಂದು ಪಾಠವೇ ತೆರೆದುಕೊಳ್ಳುತ್ತದೆ.

ಮೂರು ತಾಲ್ಲೂಕುಗಳ ನೀರಿಗೂ ನಂಟಿದೆ. ಆಳಂದ ತಾಲ್ಲೂಕಿನಲ್ಲಿ ಜಲಾಶಯವಾಗಿ ನಿಂತು ಮುಂದೆ ಹರಿಯುವ ಅಮರ್ಜಾ, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುತ್ತದೆ. ಭೀಮೆ ಅಲ್ಲಿಂದ ಜೇವರ್ಗಿಯ ಕಡೆಗೆ ಸಾಗುತ್ತದೆ. ನೀರು ಒಂದೇ ಆದರೂ ಮೀನಿನ ಗುಣ ಬೇರೆ ಬೇರೆ. ಕಾಟ್ಲಾ, ರೋಹುಗಳಿಗೆ ಹಿಟ್ಟಿನ ಉಂಡೆ ಸಾಕು. ಬಾಳೆ ಮೀನಿಗೆ ಜೀವಂತ ಸಣ್ಣ ಮೀನು ಬೇಕು. ಮುರ್ರೆಲ್ ಎಂದೂ ಕರೆಯುವ ಕೊರವ ಮೀನಿಗೆ ಪುಟ್ಟ ಕಪ್ಪೆಯೆಂದರೆ ಆಸೆ.

ಅನುಭವಿಗಳ ಮಾತು ಹೆಚ್ಚಾಗಿ ಈ ಕೊರವ ಮೀನಿನ ಸುತ್ತಲೇ ತಿರುಗುತ್ತದೆ. ಮಳೆಗಾಲದಲ್ಲಿ ದಡದ ಜೊಂಡಿನ ನಡುವೆ ಅಂಗೈಯಗಲದ ನೀರು ಕುದಿಯುವಂತೆ ಅಲುಗಿದರೆ ಅಲ್ಲಿ ಕೊರವನ ಮರಿಗಳಿವೆ ಎಂದರ್ಥ. ಇದರ ಕಾರಣ ಸರಳ. ಈ ಮೀನು ಕಿವಿರಿನಿಂದಷ್ಟೇ ಅಲ್ಲ, ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ. ಕೆಂಪು ಕಿತ್ತಳೆ ಬಣ್ಣದ ನೂರಾರು ಮರಿಗಳು ಒಟ್ಟಿಗೇ ಮೇಲೇಳುತ್ತವೆ. ಅವುಗಳ ಕೆಳಗೆ ಹೆತ್ತ ಮೀನು ಕಾವಲಿರುತ್ತದೆ.

ಸಂಕಟ ಇರುವುದು ಇಲ್ಲೇ. ಮರಿಗಳ ಮಧ್ಯೆ ಏನು ಬಿದ್ದರೂ ಕಾವಲಿನ ಮೀನು ಹಸಿವಿಲ್ಲದಿದ್ದರೂ ಮೇಲೆರಗುತ್ತದೆ. ಆಗ ಅದನ್ನು ಹಿಡಿಯಲು ಜಾಣತನ ಬೇಕಿಲ್ಲ, ಸಂತೆಯಲ್ಲಿ ಬೆಲೆಯೂ ಚೆನ್ನಾಗಿದೆ. ಆದರೆ ಅದನ್ನು ಎತ್ತಿದ ಗಳಿಗೆಯಿಂದ ಮರಿಗಳು ಬೇರೆ ಮೀನು, ಕಪ್ಪೆ, ಹಕ್ಕಿಗಳ ಪಾಲು. ಕೈಗೆ ಸಿಕ್ಕದ್ದು ಒಂದು ಮೀನು, ಕಳೆದುಹೋದದ್ದು ಒಂದು ಸಂಸಾರ. ಬಲ್ಲವರು ಅಂಥ ಕಡೆ ಕೋಲು ಮಡಚಿ ಮುಂದೆ ಹೋಗುವುದು ಇದಕ್ಕೇ.

ರೋಹು, ಕಾಟ್ಲಾಗಳ ಬಾಳು ಬೇರೆ. ಒಂದು ಕಿಲೋ ತೂಕದ ರೋಹು ಸುಮಾರು 2ರಿಂದ 3 ಲಕ್ಷ ಮೊಟ್ಟೆ ಇಟ್ಟು ತನ್ನ ಹಾದಿ ಹಿಡಿಯುತ್ತದೆ. ಇವು ಗಂಗಾ ಬಯಲಿನ ಮೂಲದವು. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡವು, ಹರಿವ ಪ್ರವಾಹ ಬೇಕು. ಆದ್ದರಿಂದಲೇ ಕೆರೆ, ಜಲಾಶಯಗಳಿಗೆ ಇವುಗಳ ಮರಿ ತಂದು ಬಿಡಬೇಕಾಗುತ್ತದೆ. ಕೊರವನಿಗೆ ಅಂಥ ಸೌಕರ್ಯ ಕಡಿಮೆ. ಹೊಳೆಯಲ್ಲಿ ಉಳಿದದ್ದೇ ಅದರ ಬೀಜ.

ಬೇಸಿಗೆಯ ಕಥೆಯೂ ಇದೆ. ಮೇಲೆ ಮಹಾರಾಷ್ಟ್ರದಲ್ಲಿ 1980ರಲ್ಲಿ ಮುಗಿದ ಉಜನಿ ಅಣೆಕಟ್ಟು, ಕೆಳಗೆ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು. ಭೀಮೆ 2020ರ ಅಕ್ಟೋಬರ್‌ನಲ್ಲಿ ಊರುಗಳನ್ನು ಮುಳುಗಿಸುವಷ್ಟು ಉಕ್ಕಿತು. ಅದೇ ಹೊಳೆ ಬರದ ವರ್ಷಗಳಲ್ಲಿ ಮಡುಗಳಿಗೆ ಇಳಿಯುತ್ತದೆ. ಆಗ ಮೀನೆಲ್ಲ ಅಲ್ಲಿ ಸೇರುತ್ತವೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು 7.5. ಏದುಸಿರು ಬಿಡುವ ಇಂಥ ಮಡುವಿಗೆ ಯಾರಾದರೂ ಸಿಡಿಮದ್ದು ಎಸೆದರೆ, ವಿಷ ಕಲಸಿದರೆ, ದೊಡ್ಡದು ಚಿಕ್ಕದು ಎನ್ನದೆ ಎಲ್ಲವೂ ತೇಲುತ್ತವೆ. ಗಾಳ ಒಂದನ್ನು ಆರಿಸುತ್ತದೆ, ಸಿಡಿಮದ್ದು ಯಾವುದನ್ನೂ ಬಿಡುವುದಿಲ್ಲ. ಇವೆರಡನ್ನೂ 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಷ್ಟು ಹಿಂದೆಯೇ ಅಪರಾಧವೆಂದು ಬರೆಯಲಾಗಿದೆ.

ಹವ್ಯಾಸಕ್ಕೆ ಗಾಳ ಹಾಕುವವರು ಮಾಡಬಹುದಾದದ್ದು ದೊಡ್ಡದೇನಲ್ಲ. ಮರಿಗುಂಪಿನ ಮೇಲೆ ಗಾಳ ಬಿಡಬಾರದು. ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನೂ ಎಳೆಯ ಮೀನನ್ನೂ ನೀರಿಗೆ ಮರಳಿಸಬೇಕು. ಹಾಗೆ ಬಿಡುವಾಗ ಕೈ ಒದ್ದೆಯಿರಲಿ. ಒಣಗೈಯಿಂದ ಹಿಡಿದರೆ ಮೈಮೇಲಿನ ಲೋಳೆ ಕಿತ್ತು ಬೂಷ್ಟು ರೋಗ ತಗುಲೀತು. ಹರಿದ ನೈಲಾನ್ ದಾರವನ್ನು ದಡದಲ್ಲಿ ಬಿಡದೆ ಮನೆಗೆ ಒಯ್ಯಬೇಕು.

ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಅಲ್ಲಿ ಕಾಯುವುದು ಭಕ್ತಿ. ಭೀಮೆಯಲ್ಲೂ ಬೇಸಿಗೆಯ ಒಂದೆರಡು ಮಡುಗಳನ್ನು ದಡದ ಊರವರೇ ಮಾತಾಡಿಕೊಂಡು ಬಿಟ್ಟುಕೊಟ್ಟರೆ, ಮುಂದಿನ ಮಳೆಗೆ ಬೀಜ ಉಳಿದೀತು. ಬಿತ್ತನೆಯ ಜೋಳವನ್ನು ಬೀಸಿ ತಿನ್ನಬಾರದೆಂದು ಈ ಸೀಮೆಯ ಒಕ್ಕಲಿಗನಿಗೆ ಯಾರೂ ಕಲಿಸಬೇಕಿಲ್ಲ. ಹೊಳೆಯ ಲೆಕ್ಕವೂ ಅಷ್ಟೇ.