ದುಡಿಯುವ ಕೈ, ಆಶೀರ್ವದಿಸುವ ಕೈ: ಮಲೆನಾಡಿನ ಅಡಿಕೆಯಂಗಳದಿಂದ ಒಂದು ದೈವಶಾಸ್ತ್ರೀಯ ವಿಚಾರ

ಕೊಪ್ಪ ತಾಲ್ಲೂಕಿನ ಭಂಡಿಗಡಿಯ ಸುತ್ತಮುತ್ತಲಿನ ಮಲೆನಾಡಿನಲ್ಲಿ ಅಡಿಕೆ ಸುಗ್ಗಿಯ ಕಾಲವೆಂದರೆ ಕೈಗಳ ಕಾಲ. ಹಸಿ ಅಡಿಕೆ ಸುಲಿದವರ ಬೆರಳುಗಳಿಗೆ ಅದರ ಕರೆ ಹತ್ತಿ ಕಪ್ಪಾಗುತ್ತದೆ. ಎಷ್ಟು ತೊಳೆದರೂ ಆ ಬಣ್ಣ ಸುಲಭವಾಗಿ ಬಿಡುವುದಿಲ್ಲ. ಈ ಸೀಮೆಯಲ್ಲಿ ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಮನೆಮಾತಿನ ಕ್ರೈಸ್ತರಿದ್ದಾರೆ. ನರಸಿಂಹರಾಜಪುರದ ಕಡೆಗೆ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಸಂಪ್ರದಾಯದ ಕುಟುಂಬಗಳಿವೆ. ಸುಗ್ಗಿಯ ಭಾನುವಾರಗಳಲ್ಲಿ ಕರ್ತನ ಮೇಜಿನ ಬಳಿ ರೊಟ್ಟಿಗಾಗಿ ಚಾಚುವ ಕೈಗಳಲ್ಲಿ ಈ ಕಪ್ಪು ಕಾಣಿಸುವುದು ಸಹಜ. ರೊಟ್ಟಿಯನ್ನು ನೀಡುವ ಕೈ ಸಾಮಾನ್ಯವಾಗಿ ಬೆಳ್ಳಗಿರುತ್ತದೆ.

ಕೈದುಡಿಮೆಯ ಘನತೆಯನ್ನು ಕುರಿತು ನಾವು ಅನೇಕ ಪ್ರಸಂಗಗಳನ್ನು ಮಾಡಿದ್ದೇವೆ. ಆದರೆ ದುಡಿಯದವರು ದುಡಿಯುವವರ ಮುಂದೆ ದುಡಿಮೆಯನ್ನು ಹೊಗಳುವಾಗ ಆ ಮಾತಿಗೆ ಎಷ್ಟು ತೂಕವಿರುತ್ತದೆ? ಸತ್ಯವೇದವು ಕೈಕೆಲಸದ ವಿಷಯದಲ್ಲಿ ಏನು ಬೋಧಿಸುತ್ತದೆ, ನಮ್ಮ ನಾಡಿನ ಅನುಭವವು ಅದಕ್ಕೆ ಏನನ್ನು ಕೂಡಿಸುತ್ತದೆ, ಸಭಾಪಾಲಕರ ನಿತ್ಯಜೀವನಕ್ಕೆ ಇದರಿಂದ ಬರುವ ಹೊಣೆ ಯಾವುದು ಎಂಬುದನ್ನು ಇಲ್ಲಿ ವಿಚಾರಿಸೋಣ.

೧. ಅಂಗಳದ ದುಡಿಮೆ

ಮೊದಲು ಕೆಲಸವನ್ನೇ ನೋಡೋಣ. ಕೆಂಪಡಿಕೆಗಾಗಿ ಕಾಯಿ ಪೂರ್ತಿ ಹಣ್ಣಾಗುವ ಮೊದಲೇ ಕೊನೆ ಇಳಿಸಬೇಕು. ಕೊನೆಗಾರನು ಮರವೇರಿ, ಕೊನೆ ಕೊಯ್ದು, ಕಾಯಿ ಚದುರದಂತೆ ಹಗ್ಗದ ಮೂಲಕ ಕೆಳಕ್ಕೆ ಬಿಡುತ್ತಾನೆ. ಹೆಂಗಸರು ಗಂಡಸರು ಮೆಟ್ಟುಗತ್ತಿಯ ಮುಂದೆ ಕುಳಿತು ಸಿಪ್ಪೆ ಸುಲಿಯುತ್ತಾರೆ. ಸುಲಿದದ್ದನ್ನು ಚೊಗರಿನೊಂದಿಗೆ ಬೇಯಿಸಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಹಸ, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುತ್ತಾರೆ. ಇಂದು ಸುಲಿಯುವ ಯಂತ್ರಗಳು ಬಂದಿದ್ದರೂ ಆರಿಸುವ ಕಣ್ಣು, ತಿಳಿದುಕೊಳ್ಳುವ ಬೆರಳು ಮನುಷ್ಯರವೇ.

ಈ ದುಡಿಮೆಯಲ್ಲಿ ಜ್ಞಾನವಿದೆ. ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನೇ ತೆಗೆದುಕೊಳ್ಳೋಣ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಎರಡನ್ನೂ ಬೇರೆಬೇರೆಯಾಗಿ ಕರಗಿಸಿ ಕೂಡಿಸಬೇಕು. ಹದವಾಯಿತೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದೆಂದು ಅರ್ಥ. ಕೈಕೆಲಸ ಮಾಡುವವನು ತನ್ನ ತಪ್ಪನ್ನು ಮಾತಿನಿಂದ ಮುಚ್ಚಲಾರನು; ಕತ್ತಿಯೇ ಸಾಕ್ಷಿ ನುಡಿಯುತ್ತದೆ. ಮಾತನ್ನೇ ವೃತ್ತಿಯಾಗಿಸಿಕೊಂಡ ನಮಗೆ ಇಂತಹ ಪರೀಕ್ಷೆ ದಿನವೂ ಒದಗುವುದಿಲ್ಲ.

೨. ತೋಟ ಮತ್ತು ದೇವದರ್ಶನದ ಗುಡಾರ

ಆದಿಕಾಂಡ 2:15ರಲ್ಲಿ ದೇವರು ಮನುಷ್ಯನನ್ನು ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡುವುದಕ್ಕೂ ಕಾಯುವುದಕ್ಕೂ. ಮೂಲದ ಎರಡು ಹೀಬ್ರೂ ಕ್ರಿಯಾಪದಗಳು 'ಆಬದ್' ಮತ್ತು 'ಶಾಮರ್'. ಇವೇ ಎರಡು ಪದಗಳು ಅರಣ್ಯಕಾಂಡ 3:7-8ರಲ್ಲಿ ದೇವದರ್ಶನದ ಗುಡಾರದಲ್ಲಿ ಲೇವಿಯರು ಮಾಡಬೇಕಾದ ಸೇವೆಗೆ ಒಟ್ಟಾಗಿ ಬಳಕೆಯಾಗಿವೆ. ಹೊಲದ ದುಡಿಮೆಗೂ ದೇವಾರಾಧನೆಗೂ ಹೀಬ್ರೂ ಭಾಷೆ ಒಂದೇ ಪದವನ್ನು ಇಟ್ಟುಕೊಂಡಿದೆ. ಇದಲ್ಲದೆ ದುಡಿಮೆಯು ಪಾಪಕ್ಕಿಂತ ಮುಂಚಿನದು. ಮೂರನೆಯ ಅಧ್ಯಾಯದಲ್ಲಿ ಶಾಪಗ್ರಸ್ತವಾದದ್ದು ಭೂಮಿ. ಅಲ್ಲಿ ಬದಲಾದದ್ದು ದುಡಿಮೆಯ ನೋವು. ಬೆವರಿನಲ್ಲಿ ವರವೂ ನೋವೂ ಬೆರೆತಿವೆ ಎಂಬುದನ್ನು ನಾವು ಮರೆಯಬಾರದು.

೩. ಬಡಗಿಯಾದ ಕರ್ತನು

ಯೇಸು ಹುಟ್ಟಿದ ಕಾಲದ ಲೋಕವು ಕೈಕೆಲಸವನ್ನು ಗೌರವಿಸುತ್ತಿರಲಿಲ್ಲ. ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಕುಶಲಕರ್ಮಿಗಳ ವೃತ್ತಿಯನ್ನು ಕೀಳೆಂದು ಎಣಿಸಿದನು. ಯೆಹೂದಿ ಪರಂಪರೆ ಇದಕ್ಕಿಂತ ಉದಾರವಾಗಿತ್ತು. ಆದರೂ ಸಿರಾಖನ ಜ್ಞಾನಗ್ರಂಥದ 38ನೆಯ ಅಧ್ಯಾಯವನ್ನು ಓದಿರಿ. ಉಳುವವನು, ಕಮ್ಮಾರ, ಕುಂಬಾರ ಇವರಿಲ್ಲದೆ ಪಟ್ಟಣ ನಿಲ್ಲದೆಂದು ಅಲ್ಲಿ ಒಪ್ಪಿಕೊಂಡರೂ, ಸಭೆಯಲ್ಲಿ ಅವರಿಗೆ ಎತ್ತರದ ಸ್ಥಾನವಿಲ್ಲ. ಜ್ಞಾನವು ಬಿಡುವುಳ್ಳ ಶಾಸ್ತ್ರಿಯ ಪಾಲು. ಮಾರ್ಕ 6:3ರಲ್ಲಿ ನಜರೇತಿನವರು ಕೇಳುವ ಪ್ರಶ್ನೆಗೆ ಹಿನ್ನೆಲೆ ಇದೇ. ಈತನು ಬಡಗಿಯಲ್ಲವೇ ಎಂಬ ಮಾತಿನಲ್ಲಿ ಬೆರಗಿಗಿಂತ ತಿರಸ್ಕಾರ ಹೆಚ್ಚು. 'ಟೆಕ್ಟೋನ್' ಎಂಬ ಗ್ರೀಕ್ ಪದವು ಮರಗೆಲಸದವನನ್ನೂ ಕಟ್ಟಡದ ಕೆಲಸದವನನ್ನೂ ಸೂಚಿಸುತ್ತದೆ. ಎರಡನೆಯ ಶತಮಾನದ ಸೆಲ್ಸಸನು ಕ್ರೈಸ್ತಬೋಧಕರನ್ನು ಉಣ್ಣೆಗೆಲಸದವರು, ಚಮ್ಮಾರರು ಎಂದು ಹಾಸ್ಯ ಮಾಡಿದುದನ್ನು ಒರಿಗೆನನು ದಾಖಲಿಸಿದ್ದಾನೆ.

ನಮ್ಮ ದೇಶದಲ್ಲಿ ಈ ತಿರಸ್ಕಾರವು ಜಾತಿಯ ರೂಪ ತಾಳಿತು. ತೊಗಲು, ಕಸ, ಮಲ ಇವುಗಳ ಕೆಲಸವು ಕೆಲವರಿಗೆ ಹುಟ್ಟಿನಿಂದಲೇ ಅಂಟಿತು. ಕೆಲಸದ ಮೈಲಿಗೆಯನ್ನು ಮನುಷ್ಯನ ಮೈಲಿಗೆಯೆಂದು ತಿಳಿಯಲಾಯಿತು. ಆದುದರಿಂದ ವಾಕ್ಯವು ಶರೀರಧಾರಿಯಾಯಿತು ಎಂಬ ಬೋಧನೆಯನ್ನು ಇಲ್ಲಿ ಸಾರುವಾಗ, ಆ ಶರೀರದ ಅಂಗೈ ದಡ್ಡುಗಟ್ಟಿದ ಅಂಗೈ ಎಂಬುದನ್ನೂ ಸಾರಬೇಕು.

೪. ಪೌಲನ ಕೈಗಳು

ಕೊರಿಂಥದಲ್ಲಿ ಪೌಲನು ಅಕ್ವಿಲ, ಪ್ರಿಸ್ಕಿಲ್ಲರೊಡನೆ ಗುಡಾರ ಮಾಡುವ ಕಸಬಿನಲ್ಲಿ ದುಡಿದನು (ಅ.ಕೃ. 18:3). ಸುವಾರ್ತೆ ಸಾರುವವರು ಅದರಿಂದಲೇ ಜೀವಿಸುವ ಹಕ್ಕುಳ್ಳವರೆಂದು ಅವನೇ 1 ಕೊರಿಂಥ 9ರಲ್ಲಿ ವಾದಿಸುತ್ತಾನೆ. ತಾನು ಮಾತ್ರ ಆ ಹಕ್ಕನ್ನು ಬಿಟ್ಟುಕೊಟ್ಟನು. ಆದುದರಿಂದ ವೇತನ ಪಡೆಯುವ ಪಾಲಕರನ್ನು ದೂಷಿಸಲು ಪೌಲನನ್ನು ಬಳಸುವುದು ಸಲ್ಲದು. ಅವನ ದುಡಿಮೆಗೆ ಎರಡು ಉದ್ದೇಶಗಳಿದ್ದವು: ಯಾರಿಗೂ ಭಾರವಾಗದಿರುವುದು (1 ಥೆಸ. 2:9), ಬಲಹೀನರಿಗೆ ಸಹಾಯ ಮಾಡುವುದು (ಅ.ಕೃ. 20:34-35). ಎಫೆಸ 4:28 ಸಹ ಕೈಯಾರೆ ದುಡಿಯುವುದು ಕೊರತೆಯಲ್ಲಿರುವವನಿಗೆ ಕೊಡುವುದಕ್ಕಾಗಿ ಎನ್ನುತ್ತದೆ. ದುಡಿಮೆಯ ಬೆಲೆ ಅದರ ಕಷ್ಟದಲ್ಲಿಲ್ಲ; ಅದು ಯಾರ ಅಗತ್ಯವನ್ನು ಪೂರೈಸುತ್ತದೆ ಎಂಬುದರಲ್ಲಿದೆ. 2 ಥೆಸ. 3:10ರ ಎಚ್ಚರಿಕೆಯೂ ದುಡಿಯಲು ಮನಸ್ಸಿಲ್ಲದವರಿಗೆ. ಕೆಲಸ ಸಿಗದವರ, ದುಡಿಯಲಾರದ ರೋಗಿಗಳ ಎದುರು ಆ ವಚನವನ್ನು ಎತ್ತುವುದು ಪಾಠವನ್ನು ತಿರುಚಿದಂತೆ.

೫. ಕನ್ನಡ ನಾಡಿನ ಎರಡು ಅನುಭವಗಳು

ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೊತೆಗಿಟ್ಟರು. ಆಯ್ದಕ್ಕಿ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ ಹಿಂದಕ್ಕೆ ಕಳುಹಿಸಿದಳೆಂಬುದು ಪ್ರಸಿದ್ಧ ಕಥೆ. ದುಡಿಮೆಗೆ ಆಸೆಯು ಒಡೆಯನಾಗಬಾರದೆಂಬ ಈ ಎಚ್ಚರವು ಮನ್ನದ ವೃತ್ತಾಂತಕ್ಕೆ (ವಿಮೋ. 16) ಬಹಳ ಸಮೀಪದ್ದು.

ಎರಡನೆಯದು ನಮ್ಮ ಸಭೆಗಳದೇ ಅನುಭವ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಕ್ರೈಸ್ತರಾದ ಕಾರಣಕ್ಕೆ ಮನೆ, ನೆಲ, ಕಸಬು ಕಳೆದುಕೊಂಡವರಿಗೆ ಜೀವನೋಪಾಯ ಒದಗಿಸಬೇಕಾಯಿತು. 1841ರಲ್ಲಿ ಮುದ್ರಣಾಲಯ, ಮುಂದೆ ನೇಯ್ಗೆ, 1865ರಲ್ಲಿ ಪ್ಲೆಬ್ಸ್ಟ್ ಅವರ ಹಂಚಿನ ಕಾರ್ಖಾನೆ ಹೀಗೆ ಹುಟ್ಟಿಕೊಂಡವು. ಬೇರೆಬೇರೆ ಜಾತಿಗಳಿಂದ ಬಂದವರು ಒಂದೇ ಮಣ್ಣನ್ನು ತುಳಿದು, ಒಂದೇ ಅಚ್ಚಿನಲ್ಲಿ ಹಂಚು ಒತ್ತಿದ್ದು ಸಣ್ಣ ಸಂಗತಿಯಲ್ಲ. ಆದರೆ ಕೂಲಿ ಕೊಡುವವನೂ ಉಪದೇಶ ಮಾಡುವವನೂ ಒಂದೇ ಸಂಸ್ಥೆಯಾದಾಗ, ದುಡಿಯುವವನು ತನ್ನ ದೂರನ್ನು ಯಾರ ಬಳಿಗೆ ಒಯ್ಯಬೇಕು? ಶ್ರಮದ ಘನತೆಯನ್ನು ಕಲಿಸುವ ಎಲ್ಲ ಸಭೆಗಳೂ ಈ ಪ್ರಶ್ನೆಯನ್ನು ತಮಗೆ ತಾವೇ ಹಾಕಿಕೊಳ್ಳಬೇಕು.

೬. ಹೊಗಳಿಕೆಗೊಂದು ಮೇರೆ

ನಾಲ್ಕನೆಯ ಆಜ್ಞೆಯು ಆರು ದಿನದ ದುಡಿಮೆಯನ್ನೂ ಏಳನೆಯ ದಿನದ ವಿಶ್ರಾಂತಿಯನ್ನೂ ಒಟ್ಟಿಗೆ ಹೇಳುತ್ತದೆ. ಧರ್ಮೋಪದೇಶಕಾಂಡ 5:14-15ರಲ್ಲಿ ಆ ವಿಶ್ರಾಂತಿ ದಾಸದಾಸಿಯರಿಗೂ ಸೇರಿದ್ದು. ಐಗುಪ್ತದ ಬಿಟ್ಟಿದುಡಿಮೆಯ ನೆನಪೇ ಅದಕ್ಕೆ ಆಧಾರ. ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಡಬೇಕು (ಧರ್ಮೋ. 24:14-15), ತಡೆಹಿಡಿದ ಕೂಲಿಯು ಕೂಗುತ್ತದೆ (ಯಾಕೋಬ 5:4). ಅಡಿಕೆಮರದ ತುದಿಯಲ್ಲಿ ಜೀವವನ್ನು ಕೈಯಲ್ಲಿ ಹಿಡಿದಿರುವ ಕೊನೆಗಾರನಿಗೆ ಸಹನೆಯ ಉಪದೇಶಕ್ಕಿಂತ ಮೊದಲು ಬೇಕಾದದ್ದು ಭದ್ರತೆ. ಹೊಲದಿಂದ ಬಂದು ಮತ್ತೆ ಒಲೆಯ ಮುಂದೆ ಕೂರುವ ತಾಯಿಗೆ ದುಡಿಮೆಯ ಮಹಿಮೆಯನ್ನು ನಾವು ಹೇಳಬೇಕಾಗಿಲ್ಲ. ಅವಳಿಗೆ ಹೇಳಬೇಕಾದದ್ದು ಸಬ್ಬತ್ತಿನ ಸುವಾರ್ತೆ. ದುಡಿಮೆಯ ಸುವಾರ್ತೆಯನ್ನು ಅವಳ ಮನೆಯವರಿಗೂ ನಮಗೂ ಹೇಳಬೇಕು.

೭. ಸಭಾಪಾಲಕರ ಕೈ

ಇಲ್ಲಿ ನಮ್ಮೊಳಗಿನ ಒಂದು ಇಕ್ಕಟ್ಟನ್ನು ಮುಚ್ಚಿಡಬಾರದು. ಮಗನ ಬೆರಳಿಗೆ ಕರೆ ಹತ್ತದಿರಲಿ ಎಂದು ದುಡಿಯುವ ತಂದೆತಾಯಿ ಅವನನ್ನು ಓದಿಗೆ ಕಳುಹಿಸುತ್ತಾರೆ. ಅಂಥವರಲ್ಲಿ ಕೆಲವರು ಸೆಮಿನರಿಗೂ ಬರುತ್ತಾರೆ. ಆ ಆಸೆಯನ್ನು ನಾವು ತಪ್ಪೆನ್ನಲಾರೆವು. ಆದರೆ ದೀಕ್ಷೆಯು ಕೈಕೆಲಸದಿಂದ ಬಿಡುಗಡೆಯ ಪತ್ರವಾದರೆ, ಸಿರಾಖನ ಶಾಸ್ತ್ರಿಯ ಆಸನದಲ್ಲಿ ಕುಳಿತು ನಜರೇತಿನ ಬಡಗಿಯನ್ನು ಸಾರಿದಂತಾಗುತ್ತದೆ.

ಆರನೆಯ ಶತಮಾನದ ಬೆನೆಡಿಕ್ಟನ ನಿಯಮಾವಳಿಯು 48ನೆಯ ಅಧ್ಯಾಯದಲ್ಲಿ ಕೈಕೆಲಸಕ್ಕೂ ಪವಿತ್ರ ಪಠಣಕ್ಕೂ ದಿನದಲ್ಲಿ ಹೊತ್ತು ಗೊತ್ತುಮಾಡಿತು. 31ನೆಯ ಅಧ್ಯಾಯದಲ್ಲಿ ಮಠದ ಪಾತ್ರೆ ಸಲಕರಣೆಗಳನ್ನು ಯಜ್ಞವೇದಿಯ ಪಾತ್ರೆಗಳಂತೆ ಕಾಣಬೇಕೆಂದಿತು. ಇದನ್ನು ನಮ್ಮ ಪರಿಸರಕ್ಕೆ ತರುವುದು ಕಷ್ಟವೇನಲ್ಲ. ಸೆಮಿನರಿಯಲ್ಲಿ ತಟ್ಟೆ, ಪಾತ್ರೆ, ಶೌಚಾಲಯಗಳ ಶುಚಿತ್ವದ ಸರದಿಯು ಅಧ್ಯಾಪಕರಿಗೂ ಇರಲಿ. ಶಿಕ್ಷೆಯಾಗಿ ಕೈಕೆಲಸ ಕೊಡುವ ರೂಢಿ ನಿಲ್ಲಲಿ. ಶಿಕ್ಷೆಯಾದ ಕೆಲಸವನ್ನು ಯಾರೂ ಗೌರವಿಸಲಾರರು. ಸುಗ್ಗಿಯಲ್ಲಿ ಪಾಲಕರು ಮನೆಭೇಟಿಗೆ ಹೋದಾಗ, ಕುರ್ಚಿ ತರಿಸಿಕೊಂಡು ಎಲ್ಲರ ಕೆಲಸ ನಿಲ್ಲಿಸುವ ಬದಲು, ಅಂಗಳದಲ್ಲಿ ಜೊತೆಗೆ ಕುಳಿತು ಅಡಿಕೆ ಆರಿಸಲಿ. ಮೆಟ್ಟುಗತ್ತಿಯ ಮುಂದೆ ನಾವು ಅನನುಭವಿಗಳು. ಅಲ್ಲಿ ಸಭೆಯವರೇ ಗುರುಗಳಾಗುತ್ತಾರೆ, ನಾವು ಕಲಿಯುವವರಾಗುತ್ತೇವೆ. ಈ ಸ್ಥಾನಪಲ್ಲಟವೂ ಪಾಲನಾಸೇವೆಯ ಒಂದು ಭಾಗ.

ಯೋಹಾನ 13ರಲ್ಲಿ ಕರ್ತನು ಶಿಷ್ಯರ ಕಾಲುಗಳನ್ನು ತೊಳೆದನು. 21ರಲ್ಲಿ ಪುನರುತ್ಥಾನದ ಬಳಿಕ ದಡದಲ್ಲಿ ಕೆಂಡ ಹಚ್ಚಿ, ರಾತ್ರಿಯೆಲ್ಲ ದುಡಿದು ಬಂದವರಿಗೆ ಮೀನೂ ರೊಟ್ಟಿಯೂ ಸಿದ್ಧಮಾಡಿ ಬಡಿಸಿದನು. ಮೊಳೆಗಳ ಗಾಯವಿದ್ದ ಕೈಗಳೇ ಆ ಬೆಳಿಗ್ಗೆ ಅಡಿಗೆಯ ಕೆಲಸವನ್ನು ಮಾಡಿದವು. ಮುಂದಿನ ಸುಗ್ಗಿಯ ಭಾನುವಾರ ಕಪ್ಪಾದ ಬೆರಳುಗಳ ನಡುವೆ ರೊಟ್ಟಿಯನ್ನು ಇಡುವಾಗ ನಾವು ಇದನ್ನು ನೆನೆಯೋಣ. ನಮ್ಮ ಬೆರಳುಗಳಿಗೂ ಸ್ವಲ್ಪ ಕರೆ ಹತ್ತಿರಲಿ.