ಹೂ ಬಿಟ್ಟಾಗ ಹಚ್ಚುವ ಬೆಂಕಿ

ಕಾಡಿಗೆ ಬೆಂಕಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಖಾಂಡವದಹನ. ಅಗ್ನಿಯ ಅಜೀರ್ಣವೇನೋ ವಾಸಿಯಾಯಿತು. ವನದಲ್ಲಿ ಬದುಕಿ ಉಳಿದವರು ಮಯ, ಅಶ್ವಸೇನ, ನಾಲ್ಕು ಶಾರ್ಙ್ಗಕ ಪಕ್ಷಿಗಳು, ಇಷ್ಟೆ. ಆದುದರಿಂದ, ಕಾಡನ್ನು ಉಳಿಸಲೆಂದೇ ಕಾಡಿಗೆ ಬೆಂಕಿ ಹಚ್ಚುವ ಜನರಿದ್ದಾರೆಂದರೆ ವಾಚಕರು ಹುಬ್ಬೇರಿಸಬಹುದು.

ಅಂಥ ಜನ ಇರುವುದು ಆಸ್ಟ್ರೇಲಿಯದ ಉತ್ತರ ಭಾಗದ ಆರ್ನೆಮ್ ಲ್ಯಾಂಡಿನಲ್ಲಿ. ಅದು ಮರಳುಗಲ್ಲಿನ ಎತ್ತರದ ಬಂಡೆನಾಡು. ಅಲ್ಲಿಯ ಮರಗಳಲ್ಲಿ ಹೆಚ್ಚಿನವು ಯೂಕಲಿಪ್ಟಸ್ ಕುಲದವು. ಟಿಪ್ಪುವಿನ ಕಾಲದಲ್ಲಿ ನಂದಿಬೆಟ್ಟಕ್ಕೆ ಬಂದು, ಮುಂದೆ ಬಯಲುಸೀಮೆಯ ತೋಪುಗಳನ್ನೆಲ್ಲ ತುಂಬಿದ ನಮ್ಮ ನೀಲಗಿರಿ ಮರದ ಬಂಧುಗಳು. ಎಲೆಯಲ್ಲಿ ಎಣ್ಣೆಯಿಟ್ಟುಕೊಂಡು ಉರಿಯನ್ನು ಕರೆಯುವುದೂ ಈ ಕುಲವೇ. ತೊಗಟೆಯಡಿ ಮೊಗ್ಗುಗಳನ್ನು ಅಡಗಿಸಿಟ್ಟು, ಕರಕಾದ ಕಾಂಡದ ಮೇಲೆ ಮತ್ತೆ ಚಿಗುರುವುದೂ ಈ ಕುಲವೇ.

ಅದರ ನೆರೆಯವರಿಗೆ ಆ ಶಕ್ತಿಯಿಲ್ಲ. ಸೈಪ್ರೆಸ್ ಬಳಗದ ಕ್ಯಾಲಿಟ್ರಿಸ್ ಮರ ಬುಡದಲ್ಲಿ ಹಾಯುವ ಸಣ್ಣ ಉರಿಯನ್ನು ತಾಳಿಕೊಳ್ಳುತ್ತದೆ. ಉರಿ ನೆತ್ತಿಗೇರಿದರೆ ಸಾಯುತ್ತದೆ. ಅದರ ಬೀಜವೂ ಮಣ್ಣಿನಲ್ಲಿ ಬಹುಕಾಲ ಬಾಳದು. ಬಂಡೆಗಳ ನಡುವಣ ಕುರುಚಲು ಗಿಡಗಳಲ್ಲಿ ಹಲವು ಬೀಜದಿಂದಲೇ ಹುಟ್ಟಬೇಕಾದವು. ಬೆಳೆದು ಕಾಯಿಬಿಡಲು ಅವಕ್ಕೆ ಬೆಂಕಿಯಿಲ್ಲದ ಕೆಲವು ವರ್ಷಗಳು ಬೇಕು. ಬೆಂಕಿಯಂತೂ ಬಂದೇ ಬರುವ ನಾಡು ಅದು. ಯಾವ ಕಾಲದಲ್ಲಿ ಬರುತ್ತದೆಂಬುದರ ಮೇಲೆ ಇವುಗಳ ಆಯುಸ್ಸು ನಿಂತಿದೆ.

ಅಲ್ಲಿಯ ಮೂಲನಿವಾಸಿಗಳಾದ ಬಿನಿಂಜ್ ಜನರಿಗೂ ನಮ್ಮಂತೆಯೇ ವರ್ಷಕ್ಕೆ ಆರು ಋತು. ಮಳೆ ಹಿಂದಾಗಿ, ಬೆಳಗಿನ ಮಂಜು ಕವಿಯುವ ಮೇ ತಿಂಗಳ ಆಸುಪಾಸಿನ ಋತುವಿಗೆ ‘ಯೆಗ್ಗೆ’ ಎಂದು ಹೆಸರು. ಆಗ ಒಂದು ಜಾತಿಯ ಯೂಕಲಿಪ್ಟಸ್ ಕಿತ್ತಳೆ ಬಣ್ಣದ ಹೂ ಬಿಡುತ್ತದೆ. ಅವರ ಪಂಚಾಂಗ ಅದೇ. ಹೂ ಕಂಡಿತೆಂದರೆ ಬೆಂಕಿ ಹಚ್ಚಬಹುದು. ಹುಲ್ಲಿನ ತುದಿ ಒಣಗಿದ್ದರೂ ಬುಡದಲ್ಲಿ ಇನ್ನೂ ಹಸಿಯುಂಟು. ಉರಿ ತಗ್ಗಿ ನಡೆದು ತೊರೆಯ ದಂಡೆಯಲ್ಲೋ ಬರಿಬಂಡೆಯ ಬಳಿಯೋ ನಿಲ್ಲುತ್ತದೆ. ಉಳಿದುದನ್ನು ಇರುಳಿನ ಇಬ್ಬನಿ ಆರಿಸುತ್ತದೆ. ಸುಟ್ಟ ತುಂಡು, ಸುಡದ ತುಂಡು ಸೇರಿ ನೆಲವೆಲ್ಲ ಕೌದಿಯಾಗುತ್ತದೆ. ಸುಟ್ಟಲ್ಲಿ ಎಳೆಹುಲ್ಲು, ಹುಲ್ಲಿಗೆ ಕಾಂಗರೂ, ಕಾಂಗರೂವಿನ ಬೆನ್ನಿಗೆ ಬೇಟೆಗಾರ. ಪುರಾತತ್ವಜ್ಞ ರೀಸ್ ಜೋನ್ಸ್ ಅವರು 1969ರಲ್ಲಿ ಇಂಥ ಪದ್ಧತಿಯನ್ನು ‘ಬೆಂಕಿಕೋಲಿನ ಬೇಸಾಯ’ವೆಂದು ಕರೆದರು. ಬೇಸಾಯ ಎಂಬ ಮಾತು ನನಗೆ ಬಹಳ ಹಿಡಿಸಿತು. ನೇಗಿಲು ಕಾಣದ ನೆಲವನ್ನು ಪಾಳು ಎಂದು ಬರೆದುಕೊಂಡ ವಲಸೆಗಾರರಿಗೆ ಅದೊಂದೇ ಮಾತು ಸಾಕಾದ ಉತ್ತರ.

ಇಪ್ಪತ್ತನೆಯ ಶತಮಾನದಲ್ಲಿ ಈ ಜನ ಮಿಷನ್ನುಗಳಿಗೆ, ಪಟ್ಟಣಗಳಿಗೆ ಸರಿದರು; ಬಂಡೆನಾಡು ಬರಿದಾಯಿತು. ಕಾಲಕ್ಕೆ ಹಚ್ಚುವವರಿಲ್ಲದ ಹುಲ್ಲು ಆಗಸ್ಟ್ ದಾಟಿ ಗರಿಗರಿಯಾಗಿ ಒಣಗಿ ನಿಂತಿತು. ಒಂದು ಸಿಡಿಲು, ಯಾರದೋ ಅಲಕ್ಷ್ಯದ ಒಂದು ಕಿಡಿ ಸಾಕಾಯಿತು. ಆ ಮಹಾಗ್ನಿಗಳು ಕಳೆದ ಮೇಲೆ ಉಳಿದದ್ದು ಒಣಗಿ ನಿಂತ ಕ್ಯಾಲಿಟ್ರಿಸ್ ಮರಗಳು.

ಆಗ ಊರಿಗೆ ಹಿಂದಿರುಗಿ ಹಳೆಯ ಬೆಂಕಿಯನ್ನು ಮತ್ತೆ ಹಚ್ಚಬೇಕೆಂದು ದುಡಿದವರಲ್ಲಿ ಚಿತ್ರಕಾರ ಬರ್ದಯಲ್ ಲಾಫ್ಟಿ ನಡ್ಜಮೆರೆಕ್ ಮುಖ್ಯರು. 2009ರಲ್ಲಿ ಅವರು ತೀರಿಕೊಂಡರು. ಸುಮಾರು 28,000 ಚದರ ಕಿಲೋಮೀಟರ್ ಹರವಿನಲ್ಲಿ ಯೋಜನೆಯೊಂದು 2006ರಿಂದ ನಡೆಯಿತು. ಕಾಲ್ನಡಿಗೆಯೊಡನೆ ಹೆಲಿಕಾಪ್ಟರೂ ಸೇರಿತು. ಮೊದಲ ಉರಿಯಿಂದ ಮೀಥೇನ್ ಮೊದಲಾದ ಅನಿಲಗಳು ಕಡಿಮೆ ಹೊರಡುವುದರಿಂದ, ಡಾರ್ವಿನ್ನಿನ ಅನಿಲ ಕಾರ್ಖಾನೆಯ ಹಣ ಅದಕ್ಕೆ ದೊರೆಯಿತು. ಹಣ ಬಂದುದು ಹೊಗೆಯ ಲೆಕ್ಕಕ್ಕೆ, ಮರದ ಲೆಕ್ಕಕ್ಕಲ್ಲ. ಇದು ನನಗೆ ಅಷ್ಟಾಗಿ ರುಚಿಸದು. ಆದರೂ ಅದರಿಂದ ಜನ ತಮ್ಮ ನೆಲದಲ್ಲಿ ನಿಂತು ದುಡಿಯುವಂತಾಯಿತೆಂದು ಒಪ್ಪಬೇಕು.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಮಾತುಂಟು. ಬೇಸಗೆಯ ಆರಂಭದಲ್ಲೇ ನೆಲದ ತರಗೆಲೆಯನ್ನಷ್ಟೆ ಸುಡುವ ಉರಿ ಅದು. 1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಆ ಬೆಂಕಿಗೆ ತಡೆ ಬಿತ್ತು. ಲಂಟಾನ ಕಾಡೆಲ್ಲ ಹಬ್ಬಿದ್ದು ಆ ಬಳಿಕವೇ ಎಂದು ಹಿರಿಯ ಸೋಲಿಗರು ಹೇಳುತ್ತಾರೆ. ಲಂಟಾನದ ಒಣ ಮೆಳೆಗೆ ತಗುಲಿದ ಉರಿ ನೆಲದಲ್ಲಿ ನಡೆಯುವುದಿಲ್ಲ; ಮರವನ್ನೇರುತ್ತದೆ.