ಜಗಳ ಬಿಡಿಸೋದಕ್ಕೂ ಒಂದು ಲ್ಯಾಬ್ ಬೇಕು

ಕಳೆದ ಸೆಮ್‌ನ ಮಿನಿ ಪ್ರಾಜೆಕ್ಟ್ ಮುಗಿದು ಎರಡು ತಿಂಗಳಾಯ್ತು. ನಮ್ಮ ಟೀಮಿನ ನಾಲ್ಕು ಜನರಲ್ಲಿ ಇಬ್ಬರು ಇವತ್ತಿಗೂ ಮಾತಾಡಲ್ಲ. ಒಬ್ಬ ಮುಂದಿನ ಬೆಂಚು, ಇನ್ನೊಬ್ಬ ಕೊನೇ ಬೆಂಚು. ಜಗಳ ಶುರುವಾಗಿದ್ದು ರಿಪೋರ್ಟಲ್ಲಿ ಯಾರ ಹೆಸರು ಮೊದಲು ಬರಬೇಕು ಅನ್ನೋದಕ್ಕೆ. ಉಳಿದ ನಾವಿಬ್ಬರು ಮಾಡಿದ್ದೇನು? "ಬಿಡ್ರೋ, ಸಣ್ಣ ವಿಷಯ" ಅಂದ್ವಿ. ಉರಿಯೋ ಬೆಂಕಿಗೆ ತುಪ್ಪ ಸುರಿದ ಹಾಗಾಯ್ತು. ಸ್ಕೂಲಲ್ಲಿ ನಮಗೆ ಗೊತ್ತಿದ್ದದ್ದು ಎರಡೇ ದಾರಿ: ಟೂ ಬಿಡೋದು, ಇಲ್ಲಾ "ಮಿಸ್, ಇವನು ಹೊಡೆದ" ಅಂತ ಕಂಪ್ಲೇಂಟ್ ಮಾಡೋದು. ಮಿಸ್ ಇಬ್ಬರಿಗೂ ಬೈದು, ಸಾರಿ ಹೇಳಿಸಿ ಹೋಗ್ತಿದ್ರು. ಅಲ್ಲಿಗೆ ಮುಗೀತು.

ಇದನ್ನ ಪಾಠವಾಗಿಯೇ ಕಲಿಸಬಹುದಾ ಅಂತ ಹುಡುಕಿದಾಗ ನಮಗೆ ಸಿಕ್ಕಿದ್ದು ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳ ಕಥೆ. 1985ರಲ್ಲಿ ಅಲ್ಲಿನ ಶಿಕ್ಷಣ ಮಂಡಳಿ ಮತ್ತು ಶಿಕ್ಷಕರದೇ ಒಂದು ಸಂಸ್ಥೆ ಸೇರಿ 'ರಿಸಾಲ್ವಿಂಗ್ ಕಾನ್‌ಫ್ಲಿಕ್ಟ್ ಕ್ರಿಯೇಟಿವ್ಲಿ' ಅನ್ನೋ ಕಾರ್ಯಕ್ರಮ ಶುರು ಮಾಡಿದ್ವು. ಲಿಂಡಾ ಲ್ಯಾಂಟಿಯೇರಿ ಮತ್ತು ಟಾಮ್ ರಾಡ್ರಿಕ್ ಅದನ್ನ ಕಟ್ಟಿದವರು. "ಜಗಳ ಆಡಬಾರದು ಮಕ್ಕಳೇ" ಅನ್ನೋ ನೀತಿಪಾಠ ಅದಲ್ಲ. ಜಗಳ ಬಂದೇ ಬರುತ್ತೆ ಅಂತ ಒಪ್ಪಿಕೊಂಡು, ಬಂದಾಗ ಏನು ಮಾಡಬೇಕು ಅಂತ ಕ್ಲಾಸಲ್ಲೇ ಆಡಿಸಿ, ಅಭಿನಯ ಮಾಡಿಸಿ ಕಲಿಸೋದು.

ಮೊದಲ ಅಭ್ಯಾಸ ಕೇಳಿಸಿಕೊಳ್ಳೋದು. ಎದುರಿನವರು ಹೇಳಿದ್ದನ್ನ ನಮ್ಮ ಮಾತಲ್ಲಿ ತಿರುಗಿ ಹೇಳಿ, "ಸರಿಯಾ?" ಅಂತ ಕೇಳಬೇಕು. ಅವರು ಹೌದು ಅಂದ್ಮೇಲೇ ನಮ್ಮ ಸರದಿ. ಸುಲಭ ಅನ್ಸುತ್ತೆ. ನಾವು ಒಂದು ಸಲ ಪ್ರಯತ್ನ ಪಟ್ಟು ಎರಡನೇ ವಾಕ್ಯಕ್ಕೇ "ಆದ್ರೆ..." ಅಂತ ಬಾಯಿ ಹಾಕಿದ್ವಿ! ಎರಡನೇದು, 'ನೀನು' ಬದಲು 'ನಾನು' ಅಂತ ಮಾತು ಶುರು ಮಾಡೋದು. "ನೀನು ಯಾವಾಗ್ಲೂ ಹೀಗೇ" ಅಂದ್ರೆ ಜಗಳ. "ಹೇಳದೆ ಕ್ಯಾಲ್ಕುಲೇಟರ್ ತಗೊಂಡು ಹೋದ್ರೆ ನಂಗೆ ಟೆನ್ಶನ್ ಆಗುತ್ತೆ, ನಾಳೆ ಇಂಟರ್ನಲ್ಸ್ ಇದೆ" ಅಂದ್ರೆ ಮಾಹಿತಿ.

ಇನ್ನೊಂದು ನಮಗೆ ತುಂಬ ಹಿಡಿಸಿದ್ದು, ಕೇಳ್ತಿರೋದು ಏನು, ನಿಜವಾಗಿ ಬೇಕಾಗಿರೋದು ಏನು ಅಂತ ಬೇರೆ ಮಾಡಿ ನೋಡೋದು. ಹಾಸ್ಟೆಲ್ ರೂಮಲ್ಲಿ ಒಬ್ಬನಿಗೆ ಫ್ಯಾನ್ ಫುಲ್ ಇರಬೇಕು, ಇನ್ನೊಬ್ಬನಿಗೆ ಆಫ್ ಆಗಬೇಕು ಅಂದ್ಕೊಳ್ಳಿ. ರೆಗ್ಯುಲೇಟರನ್ನ ಎರಡಕ್ಕಿಟ್ರೆ ಇಬ್ಬರಿಗೂ ನಿದ್ದೆ ಇಲ್ಲ. "ಯಾಕೆ?" ಅಂತ ಕೇಳಿದ್ರೆ ಒಬ್ಬನಿಗೆ ಸೊಳ್ಳೆ ಕಾಟ, ಇನ್ನೊಬ್ಬನಿಗೆ ಚಳಿ. ಒಂದು ಸೊಳ್ಳೆ ಪರದೆ ತಂದ್ರೆ ಮುಗೀತು. ಫ್ಯಾನ್ ಜಗಳದಲ್ಲಿ ಫ್ಯಾನ್ ಪಾತ್ರವೇ ಇಲ್ಲ.

ಇದೇ ಕಾರ್ಯಕ್ರಮದಲ್ಲಿ ಕೆಲವು ಮಕ್ಕಳನ್ನೇ ಮಧ್ಯಸ್ಥರಾಗಿ ತಯಾರು ಮಾಡ್ತಿದ್ರು. ನಮ್ಮ ಊರ ಅರಳಿಕಟ್ಟೆ ಪಂಚಾಯ್ತಿಗೂ ಇದಕ್ಕೂ ದೊಡ್ಡ ವ್ಯತ್ಯಾಸ ಇದೆ. ಕಟ್ಟೆ ಮೇಲೆ ಕೂತ ಹಿರಿಯರು ತೀರ್ಪು ಕೊಡ್ತಾರೆ. ಈ ಪುಟ್ಟ ಮಧ್ಯಸ್ಥರು ಯಾರದು ತಪ್ಪು ಅಂತ ಹೇಳೋ ಹಾಗಿಲ್ಲ, ಪರಿಹಾರವನ್ನೂ ಸೂಚಿಸೋ ಹಾಗಿಲ್ಲ. ಇಬ್ಬರಿಂದಲೂ ಕಥೆ ಕೇಳಿ, ದಾರಿ ಅವರಿಂದಲೇ ಹೊರಡಿಸಬೇಕು. ಆದ್ರೆ ಒಂದು ಎಚ್ಚರ: ದೊಡ್ಡವನು ಚಿಕ್ಕವನನ್ನ ದಿನಾ ಹಿಂಸಿಸ್ತಿದ್ರೆ ಅದು ಜಗಳ ಅಲ್ಲ. ಅಲ್ಲಿ "ಇಬ್ಬರೂ ಕೂತು ಮಾತಾಡಿ" ಅನ್ನೋದು ಚಿಕ್ಕವನಿಗೆ ಇನ್ನೊಂದು ಅನ್ಯಾಯ. ರ‍್ಯಾಗಿಂಗ್‌ಗೂ ಇದೇ ಮಾತು.

ಇದು ಕೆಲಸ ಮಾಡುತ್ತಾ? 1990ರ ದಶಕದ ಮಧ್ಯದಲ್ಲಿ ಲಾರೆನ್ಸ್ ಏಬರ್ ಮತ್ತು ಸಂಗಡಿಗರು ನ್ಯೂಯಾರ್ಕಿನ 15 ಪ್ರಾಥಮಿಕ ಶಾಲೆಗಳ ಸುಮಾರು 11 ಸಾವಿರ ಮಕ್ಕಳನ್ನ ಎರಡು ವರ್ಷ ಗಮನಿಸಿದ್ರು. ಕಾರಿಡಾರಲ್ಲಿ ಯಾರೋ ಡಿಕ್ಕಿ ಹೊಡೆದ್ರೆ "ಬೇಕಂತಲೇ ಮಾಡಿದ" ಅನ್ನೋ ಯೋಚನೆ ಇದೆಯಲ್ಲ, ಅಂಥವನ್ನ ಅಳೆದ್ರು. ವಯಸ್ಸಾದಂತೆ ಎಲ್ಲ ಮಕ್ಕಳಲ್ಲೂ ಅದು ಏರ್ತಾ ಇತ್ತು. ಹೆಚ್ಚು ಪಾಠ ಸಿಕ್ಕ ಮಕ್ಕಳಲ್ಲಿ ಏರೋದು ನಿಧಾನ ಆಯ್ತು. ನಮ್ಮ ಭಾಷೇಲಿ, ಸ್ಲೋಪ್ ಕಡಿಮೆ ಆಯ್ತು, ಸೊನ್ನೆ ಆಗ್ಲಿಲ್ಲ. ಆಶ್ಚರ್ಯ ಅಂದ್ರೆ, ಟೀಚರ್‌ಗೆ ತರಬೇತಿ ಚೆನ್ನಾಗಿ ಆಗಿದ್ದೂ ಪಾಠ ಕಡಿಮೆ ಮಾಡಿದ್ದ ಕ್ಲಾಸುಗಳಲ್ಲಿ ಫಲಿತಾಂಶ ಇನ್ನೂ ಕೆಟ್ಟದಿತ್ತು. ಅಂದ್ರೆ ಟೀಚರ್‌ಗೆ ವರ್ಕ್‌ಶಾಪ್ ಮಾಡಿಸಿ ಕೈತೊಳ್ಕೊಂಡ್ರೆ ಆಗಲ್ಲ, ವಾರವಾರ ಪೀರಿಯಡ್ ನಡೀಬೇಕು. ಥಿಯರಿ ಓದಿ ಸೋಲ್ಡರಿಂಗ್ ಬರಲ್ವಲ್ಲ, ಹಾಗೆ.

ನಮ್ಮಲ್ಲೂ ಶಾಂತಿ ಶಿಕ್ಷಣದ ಯೋಚನೆ ಹೊಸದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಜೊತೆ ಎನ್‌ಸಿಇಆರ್‌ಟಿ ಇದಕ್ಕೇ ಒಂದು ಪ್ರತ್ಯೇಕ ದಾಖಲೆ ತಂದಿತ್ತು. ಬೇರೆ ಸಬ್ಜೆಕ್ಟ್ ಬೇಡ, ಎಲ್ಲ ಪಾಠಗಳ ಒಳಗೇ ಸೇರಲಿ ಅನ್ನೋದು ಅದರ ಆಶಯ. ಆಶಯ ಒಳ್ಳೇದೇ. ಆದ್ರೆ ಎಲ್ಲರ ಜವಾಬ್ದಾರಿ ಅಂದ್ರೆ ಯಾರ ಜವಾಬ್ದಾರಿಯೂ ಅಲ್ಲ, ಇದು ಗ್ರೂಪ್ ಪ್ರಾಜೆಕ್ಟ್ ಮಾಡಿದ ಎಲ್ಲರಿಗೂ ಗೊತ್ತು. ಟೈಮ್‌ಟೇಬಲಲ್ಲಿ ಇಲ್ಲದ್ದು ನಮ್ಮ ಸ್ಕೂಲಲ್ಲಂತೂ ನಡೀಲೇ ಇಲ್ಲ.

ಈ ಶನಿವಾರ ಅವರಿಬ್ಬರನ್ನ ಕೂರಿಸಿ ಮಾತಾಡಿಸೋಣ ಅಂತ ಇದ್ದೀವಿ. ಕ್ಯಾಂಟೀನ್ ಬೇಡ, ಅಲ್ಲಿ ಪ್ರೇಕ್ಷಕರು ಜಾಸ್ತಿ. ಒಬ್ಬ ಒಪ್ಪಿದ್ದಾನೆ. ಇನ್ನೊಬ್ಬ "ನೋಡೋಣ" ಅಂದಿದ್ದಾನೆ.